ಕಾಯಿನೀರು ಕುಡಿದ ಗೇಜು

ನಾನು ಅವರನ್ನು ಕ್ಷಮಿಸಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕೊನೆಗೆ ಎಲ್ಲರೂ ಕಣ್ಣೊರೆಸಿಕೊಂಡು ಒಟ್ಟಿಗೆ ಚಹಾ ಕುಡಿಯುತ್ತಾರೆ ಅಂತ ನಂಬಿಕೊಂಡು ಯಾರೂ ಇದನ್ನು ಓದುವುದು ಬೇಡ. ಹಾವು ಹನ್ನೆರಡು ವರ್ಷ ಸೇಡು ಇಟ್ಟುಕೊಳ್ಳುತ್ತದೆ ಅನ್ನುತ್ತಾರೆ. ನನಗೆ ಒಂಬತ್ತೇ ಸಾಕಾಯಿತು. ಆ ಮಟ್ಟಿಗೆ ನಾನು ಹಾವಿಗಿಂತ ಒಳ್ಳೆಯವಳು.

ಐಟಿಐ ಮುಗಿಸಿ ನಾನು ಮೊದಲು ಸೇರಿದ್ದು ಹುಬ್ಬಳ್ಳಿಯ ಕೈಗಾರಿಕಾ ವಸಾಹತಿನ ಒಂದು ವರ್ಕ್‌ಶಾಪಿಗೆ. ಅಲ್ಲಿ ನೀರಿನ ವಾಲ್ವುಗಳ ಬಿಡಿಭಾಗಗಳು ತಯಾರಾಗುತ್ತಿದ್ದವು. ಎರಕದ ಕಾರ್ಖಾನೆಯಿಂದ ಒರಟು ತುಂಡುಗಳು ಬರುತ್ತಿದ್ದವು. ಅವುಗಳ ಮೈ ಕೆತ್ತಿ, ನಡುವೆ ತೂತು ಕೊರೆದು ಅಳತೆಗೆ ತರುವುದು ಲೇಥು ಅನ್ನುವ ಯಂತ್ರದ ಕೆಲಸ. ಲೇಥಿನ ಮುಂದೆ ಮೂವತ್ತು ವರ್ಷ ನಿಂತು ಬೆನ್ನು ಬಗ್ಗಿಸಿಕೊಂಡಿದ್ದ ಹಿರಿಯ ಟರ್ನರರನ್ನು ಎಲ್ಲರೂ ಕಾಕಾ ಅನ್ನುತ್ತಿದ್ದೆವು. ಎಲ್ಲರ ಮೇಲೆ ಫೋರ್‌ಮನ್ ಸಾಹೇಬರು. ಮಾಲಕರು ವಾರಕ್ಕೊಮ್ಮೆ ಬಂದು ಹೋಗುವವರು, ಹಾಗಾಗಿ ಆ ತಗಡಿನ ಸೂರಿನ ಕೆಳಗೆ ಫೋರ್‌ಮನ್ ಹೇಳಿದ್ದೇ ವೇದವಾಕ್ಯ. ಇದ್ದ ಒಬ್ಬಳೇ ಹೆಣ್ಣುಮಗಳು ನಾನು. ನನ್ನ ಮೇಜು ಎಲ್ಲಕ್ಕಿಂತ ಕೊನೆಯದು, ತಪಾಸಣೆಯ ಮೇಜು.

ತೂತಿನ ಅಳತೆಗೆ ಸ್ಕೇಲು, ಟೇಪು ನಡೆಯುವುದಿಲ್ಲ. ಅದಕ್ಕೆ ಪ್ಲಗ್ ಗೇಜು ಅಂತ ಇರುತ್ತದೆ. ಗೇಣುದ್ದದ ಉಕ್ಕಿನ ಹಿಡಿ, ಅದರ ಎರಡೂ ತುದಿಗೆ ಮುಖ ಕಾಣುವ ಹಾಗೆ ಹೊಳೆಯುವ ದುಂಡನೆಯ ಉಕ್ಕು. ಒಂದು ತುದಿಯ ಹೆಸರು ‘ಗೋ’, ಇನ್ನೊಂದರದು ‘ನೋ-ಗೋ’. ಗೋ ಅನ್ನುವುದು ತೂತಿನೊಳಗೆ ಇಳಿಯಲೇಬೇಕು, ನೋ-ಗೋ ಇಳಿಯಲೇಬಾರದು. ಗೋ ಇಳಿಯದಿದ್ದರೆ ತೂತು ಸಣ್ಣದು, ನೋ-ಗೋ ಇಳಿದುಬಿಟ್ಟರೆ ದೊಡ್ಡದು. ಒತ್ತಿ ತುರುಕುವ ಹಾಗಿಲ್ಲ, ತನ್ನ ಭಾರಕ್ಕೆ ತಾನೇ ಇಳಿಯಬೇಕು. ಕೊರೆಯುವ ಉಳಿಯ ಮೂತಿ ಸವೆದಂತೆ ತೂತು ಕೂದಲೆಳೆಯಷ್ಟು ಸಣ್ಣದಾಗುತ್ತ ಬರುತ್ತದೆ, ಬರಿಗಣ್ಣಿಗೆ ಗೊತ್ತಾಗುವುದಿಲ್ಲ. ಗೇಜು ಮೊದಲು ತಡೆಯುತ್ತದೆ. ಅದು ತಡೆದ ಕೂಡಲೇ ನಾನು ಕಾಕಾನಿಗೆ ಕೂಗುತ್ತಿದ್ದೆ, ಕಾಕಾ ಉಳಿ ಬದಲಿಸುತ್ತಿದ್ದರು. ಇಡೀ ವರ್ಕ್‌ಶಾಪು ನಡೆಯುತ್ತಿದ್ದದ್ದು ಆ ಗೇಣುದ್ದದ ಉಕ್ಕಿನ ಮೇಲಿನ ನಂಬಿಕೆಯಿಂದ.

ನನಗೆ ಆ ಕೆಲಸ ಹೊಸದೇನೂ ಅನ್ನಿಸಲಿಲ್ಲ. ಶಿರಗುಪ್ಪಿಯ ನಮ್ಮ ಮನೆಯಲ್ಲಿ ಅವ್ವ ಜೋಳ ಅಳೆದುಕೊಡುವಾಗ ಸೇರಿನ ಕಂಠದ ಮೇಲೆ ಅಂಗೈ ಎಳೆದು ಸಮ ಮಾಡುತ್ತಿದ್ದಳು. ಕೊಡುವಾಗಲೂ ಅದೇ ಕೈ, ತೆಗೆದುಕೊಳ್ಳುವಾಗಲೂ ಅದೇ ಕೈ. “ಅಳತಿ ತಪ್ಪಿದವರ ಮನ್ಯಾಗ ನೀರು ಕುಡೀಬಾರದು” ಅನ್ನುವುದು ಅವಳ ಕಾಯಂ ಮಾತು. ನಮ್ಮ ಓಣಿಯಲ್ಲಿ ಜಗಳವಾದರೆ ಅವ್ವನ ಸೇರು ತಂದು ಅಳೆಯುತ್ತಿದ್ದರು. ಅಂಥವಳ ಮಗಳು ನಾನು.

ಆ ವರ್ಷ ಖಂಡೆ ಪೂಜೆ ಬಂತು. ಮಹಾನವಮಿಯ ದಿನ ನಮ್ಮ ಕಡೆ ದುಡಿಯುವ ಸಾಮಾನಿಗೆಲ್ಲ ಪೂಜೆ. ಲೇಥುಗಳನ್ನು ಸೀಮೆಎಣ್ಣೆ ಹಾಕಿ ಒರೆಸಿ, ಬಾಳೆಕಂಬ ಕಟ್ಟಿ, ಚೆಂಡುಹೂವಿನ ಮಾಲೆ ಹಾಕಿದೆವು. ನಾನೇ ರಂಗೋಲಿ ಹಾಕಿದೆ. ಪೂಜೆಯ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ, ನನ್ನ ಹಣೆಯ ಮೇಲೂ ದಿನಾ ವಿಭೂತಿ ಇರುತ್ತದೆ. ಗೇಜುಗಳನ್ನು ಮಾತ್ರ ಎಣ್ಣೆ ಬಟ್ಟೆಯಲ್ಲಿ ಸುತ್ತಿ ಮರದ ಪೆಟ್ಟಿಗೆಯಲ್ಲಿಟ್ಟು, ಪೆಟ್ಟಿಗೆಯ ಮುಚ್ಚಳಕ್ಕೆ ಕುಂಕುಮ ಹಚ್ಚಿದ್ದೆ. ಫೋರ್‌ಮನ್ ಬಂದು ಪೆಟ್ಟಿಗೆ ತೆರೆದು ಗೇಜು ಹೊರಗೆ ತೆಗೆದರು. ಎಣ್ಣೆ ಒರೆಸಿ ಲೇಥಿನ ಮುಂದೆ ಬಾಳೆ ಎಲೆಯ ಮೇಲೆ ಇಟ್ಟು, ವಿಭೂತಿ ಬಳಿದು, ಕುಂಕುಮ ಏರಿಸಿ, ಅದರ ನೆತ್ತಿಯ ಮೇಲೆಯೇ ಕಾಯಿ ಒಡೆದರು. ಕಾಯಿನೀರು ಗೋ ತುದಿಯ ಮೇಲೆಲ್ಲ ಹರಿಯಿತು. ಎರಡು ದಿನ ರಜೆ. ಪೂಜೆ ಮಾಡಿದ್ದನ್ನು ಕದಲಿಸಬಾರದು ಅಂತ ಎಲ್ಲವನ್ನೂ ಹಾಗೇ ಬಿಟ್ಟು ಬಾಗಿಲು ಹಾಕಿದರು.

ರಜೆ ಮುಗಿಸಿ ಬಂದ ಮುಂಜಾನೆ ಫೋರ್‌ಮನ್ ಎಲ್ಲರ ಕೈಗೂ ಬನ್ನಿ ಎಲೆ ಕೊಟ್ಟರು. ನನಗೂ ಕೊಟ್ಟರು. “ಬನ್ನಿ ತಗೊಂಡು ಬಂಗಾರದ್ಹಂಗ ಇರೂಣವಾ ತಂಗಿ” ಅಂದರು. ನಾನು ಕಾಲುಮುಟ್ಟಿ ನಮಸ್ಕಾರ ಮಾಡಿದೆ. ಇವತ್ತಿಗೂ ಆ ನಮಸ್ಕಾರ ನೆನೆಸಿಕೊಂಡರೆ ಮೈ ಉರಿಯುತ್ತದೆ. ಆಮೇಲೆ ಗೇಜು ಎತ್ತಿಕೊಂಡು ನೋಡಿದರೆ ಗೋ ತುದಿಯ ತುಂಬ ಕಂದು ಚುಕ್ಕೆ. ತುಕ್ಕು ಹಿಡಿದಿತ್ತು. ನಾನು ತೋರಿಸಿದ ಕೂಡಲೇ ಫೋರ್‌ಮನ್ ಅದನ್ನು ನನ್ನ ಕೈಯಿಂದ ಕಿತ್ತುಕೊಂಡು ಉಜ್ಜುವ ಎಮರಿ ಕಾಗದ ತೆಗೆದುಕೊಂಡರು.

“ಸಾಹೇಬ್ರ, ತಿಕ್ಕಬ್ಯಾಡ್ರಿ. ಸವದ ಹೋಗತೈತಿ. ಹೊಸಾದು ತರಸ್ರಿ” ಅಂದೆ.

“ಎಳ್ಳಷ್ಟು ತುಕ್ಕಿಗೆ ಹೊಸಾ ಗೇಜ ಏನವಾ?” ಅನ್ನುತ್ತ ಅವರು ತಿಕ್ಕುತ್ತಲೇ ಇದ್ದರು.

“ಎಳ್ಳಷ್ಟ ಸವದರೂ ಅದು ಗೇಜ ಅಲ್ರಿ, ಕಬ್ಬಿಣದ ತುಂಡು. ಕಾಯಿ ನೀರಿನಿಂದ ಹಿಂಗಾತು.”

ಅವರು ತಿಕ್ಕುವುದು ನಿಲ್ಲಿಸಿ ನನ್ನನ್ನು ನೋಡಿದರು. ಸುತ್ತ ಇದ್ದ ಗಂಡಸರೂ ನೋಡಿದರು. “ದೇವರ ಕೆಲಸದಾಗ ತಪ್ಪು ಹುಡಕಬ್ಯಾಡ ತಂಗಿ” ಅಂದರು. ಅಷ್ಟು ಹೇಳಿದ ಮೇಲೆ ಯಾರು ತಾನೇ ಬಾಯಿ ತೆರೆದಾರು? ಕಾಕಾ ಲೇಥಿನ ಚಕ್ರ ತಿರುಗಿಸುತ್ತ ತಲೆ ಬಗ್ಗಿಸಿದರು. ಹೊಳೆಯುವ ಗೇಜು ನನ್ನ ಮೇಜಿಗೆ ವಾಪಸು ಬಂತು.

ಆಮೇಲೆ ಆಗಿದ್ದನ್ನು ಯಾರು ಬೇಕಾದರೂ ಊಹಿಸಬಹುದು. ಗೋ ತುದಿ ಸವೆದು ತೆಳ್ಳಗಾಗಿತ್ತು. ತೂತು ಸಣ್ಣದಾಗುತ್ತ ಬಂದರೂ ಅದು ಸಲೀಸಾಗಿ ಇಳಿಯಿತು. ತಡೆಯಬೇಕಾದದ್ದೇ ತಡೆಯಲಿಲ್ಲ. ಸಾಹೇಬರಿಗೆ ಇನ್ನೊಂದು ಸಲ ಹೇಳಲು ಹೋದೆ, “ಕೆಲಸಾ ಮಾಡ್ತೀಯೋ ಪುರಾಣಾ ಹೇಳ್ತೀಯೋ” ಅಂದರು. ನಾನು ಇನ್ನೂ ಇಪ್ಪತ್ತೊಂದರವಳು, ಸುಮ್ಮನಾದೆ. ಅದು ನನ್ನ ತಪ್ಪು, ಅದೊಂದೇ ನನ್ನ ತಪ್ಪು. ಹದಿನೈದು ದಿನಕ್ಕೆ ಇಡೀ ಲಾಟು ವಾಪಸು ಬಂತು. ಗಿರಾಕಿಯ ಕಡೆ ಆ ತೂತುಗಳಲ್ಲಿ ವಾಲ್ವಿನ ದಂಡವೇ ಇಳಿಯಲಿಲ್ಲವಂತೆ.

ಮಾಲಕರು ಬಂದು ನಿಂತರು. ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತು ಅನ್ನುವುದನ್ನು ಕೇಳಿದ್ದೆ, ಆವತ್ತು ಕಣ್ಣಾರೆ ಕಂಡೆ. “ಹುಡುಗಿ ಹೊಸಾಕಿರಿ. ಮೊಬೈಲ್ ನೋಡಕೋತ ಗೇಜ ಹಾಕ್ಯಾಳ” ಅಂದರು ಫೋರ್‌ಮನ್, ನನ್ನ ಮುಂದೆಯೇ. ನಾನು ಗೇಜು ತೋರಿಸೋಣ ಅಂತ ಮೇಜಿಗೆ ಓಡಿದರೆ ಅದು ಅಲ್ಲಿರಲಿಲ್ಲ. ಮೇಜಿನ ಮೇಲೆ ಹೊಸ ಗೇಜು ಇತ್ತು. ರಿಜಿಸ್ಟರಿನಲ್ಲಿ ಕಾರಣ ಅನ್ನುವ ಕಾಲಮ್ಮಿನಲ್ಲಿ ಫೋರ್‌ಮನ್ ತಮ್ಮ ಚೆಂದದ ಅಕ್ಷರದಲ್ಲಿ ಬರೆದರು: ತಪಾಸಣೆ ಮಾಡಿದವರ ನಿಷ್ಕಾಳಜಿ. ಅದರ ಮುಂದೆ ನನ್ನ ಹೆಸರು.

ಆವತ್ತೇ ನನ್ನ ಲೆಕ್ಕ ಮುಗಿಯಿತು. ಗೇಟಿನ ಹತ್ತಿರ ಕಾಕಾ ಬಂದು “ನಾ ನೋಡೇನಿ ಖರೆ ತಂಗಿ. ಆದರ ನಂದು ಇನ್ನ ಎರಡು ವರ್ಷ ಐತಿ ನೋಡವಾ” ಅಂದರು. ನಿವೃತ್ತಿಗೆ ಎರಡು ವರ್ಷ. ಅವರು ಕಣ್ಣಿನಿಂದಲೇ ಗೋಡೆಯ ಪಕ್ಕದ ಗುಜರಿ ಡಬ್ಬಿ ತೋರಿಸಿ ಒಳಗೆ ಹೋದರು. ಲೋಹದ ಸಿಪ್ಪೆಯ ಅಡಿಯಲ್ಲಿ ಗೇಜು ಇತ್ತು. ಅದನ್ನು ತೆಗೆದು ರೊಟ್ಟಿ ಡಬ್ಬಿಯಲ್ಲಿ ಹಾಕಿಕೊಂಡೆ. ಕದ್ದಳು ಅನ್ನುವವರು ಅನ್ನಲಿ.

ವಸಾಹತಿನಲ್ಲಿ ಸುದ್ದಿ ನನಗಿಂತ ಮುಂದೆ ನಡೆಯುತ್ತಿತ್ತು. ಯಾವ ಬಾಗಿಲಿಗೆ ಹೋದರೂ “ಅಳತಿ ತಪ್ಪಿದ ಹುಡುಗಿ ನೀನ ಅಲ್ಲೇನು?” ಅನ್ನುತ್ತಿದ್ದರು. ಅದನ್ನೂ ಸಹಿಸಿದೆ. ಊರಿಗೆ ಹೋದಾಗ ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತ, ನನ್ನ ಮುಖ ನೋಡದೆ, “ಖರೇನ ಅಳತಿ ತಪ್ಪಿದ್ಯೇನವಾ?” ಅಂದಳು. ನನ್ನ ಅವ್ವ ಕೇಳಿದಳು. ಫೋರ್‌ಮನ್ ಮೇಲೆ ನನಗೆ ಸೇಡು ಹುಟ್ಟಿದ್ದು ವರ್ಕ್‌ಶಾಪಿನಲ್ಲಿ ಅಲ್ಲ, ಆ ಒಲೆಯ ಮುಂದೆ.

ಒಂದು ವರ್ಷ ಮನೆಯಲ್ಲಿ ಕೂತು, ಆಮೇಲೆ ಧಾರವಾಡದಲ್ಲಿ ರೂಮು ಮಾಡಿ ಡಿಪ್ಲೊಮಾ ಓದಿದೆ. ಓಣಿಯ ಹುಡುಗರೆಲ್ಲ ಸರಕಾರಿ ಪರೀಕ್ಷೆಗೆ ಕಂಠಪಾಠ ಮಾಡುತ್ತಿದ್ದರೆ ನಾನು ಅಳತೆಯ ಪುಸ್ತಕ ಓದುತ್ತಿದ್ದೆ. ಕೊನೆಗೆ ಧಾರವಾಡದ ಹೊರಗಿನ ಬೇಲೂರು ಕೈಗಾರಿಕಾ ಪ್ರದೇಶದ ಒಂದು ದೊಡ್ಡ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಅಲ್ಲಿಯ ಯಂತ್ರಗಳಿಗೆ ಕಾಕಾನ ಕೈ ಬೇಕಿಲ್ಲ. ಅಂಕಿಗಳನ್ನು ಕೊಟ್ಟರೆ ತಾವೇ ಕೊರೆದು, ತಾವೇ ಉಳಿ ಬದಲಿಸಿಕೊಳ್ಳುತ್ತವೆ. ನನ್ನನ್ನು ಹಾಕಿದ್ದು ಅಳತೆಯ ಕೋಣೆಗೆ. ಗಾಜಿನ ಗೋಡೆ, ಚಪ್ಪಲಿ ಹೊರಗೆ ಬಿಡಬೇಕು, ಬೇಸಿಗೆ ಚಳಿಗಾಲ ಎರಡರಲ್ಲೂ ಇಪ್ಪತ್ತು ಡಿಗ್ರಿ. ಯಾಕೆಂದರೆ ಸೆಕೆಗೆ ಕಬ್ಬಿಣವೂ ಹಿಗ್ಗುತ್ತದೆ. ನಡುವೆ ಕಪ್ಪು ಕಲ್ಲಿನ ಮೇಜು, ಅದರ ಮೇಲೆ ಓಡಾಡುವ ಯಂತ್ರದ ತುದಿಯಲ್ಲಿ ಕುಂಕುಮದ ಬೊಟ್ಟಿನಷ್ಟು ಕೆಂಪು ಹರಳಿನ ಗುಂಡು. ಅದು ತುಂಡಿನ ಮೈಯನ್ನು ಅಲ್ಲಲ್ಲಿ ಮುಟ್ಟಿ ನೋಡುತ್ತದೆ, ಕಂಪ್ಯೂಟರು ಮಿಲಿಮೀಟರಿನ ಸಾವಿರದ ಒಂದು ಪಾಲಿನವರೆಗೆ ಅಳತೆ ಹೇಳುತ್ತದೆ. ಅದಕ್ಕೆ ಮುಲಾಜಿಲ್ಲ, ಕಾಯಿ ಒಡೆದವರು ಯಾರು ಅಂತ ಕೇಳುವುದಿಲ್ಲ.

ಆ ಯಂತ್ರವನ್ನು ಒಬ್ಬಳೇ ನಡೆಸಲು ಬಿಟ್ಟ ಮೊದಲ ದಿನ ನಾನು ಅಳೆದದ್ದು ರೊಟ್ಟಿ ಡಬ್ಬಿಯ ಗೇಜನ್ನು. ಗೋ ತುದಿ ಹದಿನಾಲ್ಕು ಸಾವಿರಾಂಶ ತೆಳ್ಳಗಾಗಿತ್ತು. ಆ ಕಾಗದ ಊರಿಗೆ ಒಯ್ದು ಅವ್ವನಿಗೆ ಓದಿ ಹೇಳಿದೆ. ಓದು ಬಾರದ ಅವ್ವ ಕಾಗದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, “ಈಗಿದನ್ನ ಏನ ಮಾಡ್ತಿ?” ಅಂದಳು. ಇಟ್ಟುಕೊಳ್ಳುತ್ತೇನೆ ಅಂದೆ. ಗೇಜನ್ನು ಅಳತೆ ಕೋಣೆಯ ನನ್ನ ಡ್ರಾವರಿನಲ್ಲಿ ಇಟ್ಟೆ.

ದೇವರು ಇದ್ದಾನೆ ಅಂತ ನನಗೆ ಖಾತ್ರಿಯಾದದ್ದು ಮುಂದೆ, ಹೊರಗಿನಿಂದ ಬರುವ ಮಾಲಿನ ತಪಾಸಣೆಗೆ ನಾನೇ ಮುಖ್ಯಸ್ಥಳಾದ ಮೇಲೆ. ಕಾರ್ಖಾನೆಗೆ ಹೊಸದಾಗಿ ಮಾಲು ಕೊಡಲು ಬಂದ ಸಣ್ಣ ವರ್ಕ್‌ಶಾಪಿನ ಮಾಲಕರನ್ನು ನನ್ನ ಕೋಣೆಗೆ ಕಳಿಸಿದ್ದರು. ಬಾಗಿಲಲ್ಲಿ ನಿಂತಿದ್ದ ಆ ಮಾಲಕರು ಅದೇ ಫೋರ್‌ಮನ್. ಕೂದಲು ಬೆಳ್ಳಗಾಗಿತ್ತು, ಹಣೆಯ ಮೇಲಿನ ವಿಭೂತಿ ಅದೇ. “ನೀನ… ನೀವು ಅಲ್ಲೇನ್ರಿ?” ಅಂದರು. ಅರ್ಧ ಮಾತಿನಲ್ಲಿ ನೀನು ನೀವು ಆಯಿತು.

“ನಾನರಿ” ಅಂದೆ.

“ಛಲೋ ಆತು ಬಿಡ್ರಿ ಮೇಡಂ. ಆಗಿದ್ದೆಲ್ಲಾ ಆಗಿ ಹೋತು. ನಮ್ಮ ಮಾಲಿನ ಮ್ಯಾಲ ಸ್ವಲ್ಪ ಲಕ್ಷ್ಯ ಇರಲ್ರಿ.”

ಲಕ್ಷ್ಯ ಇಟ್ಟೆ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಇಟ್ಟೆ. ಅವರ ಮೊದಲ ಲಾಟು ಬಂದಾಗ ತುಂಡುಗಳನ್ನು ನಾಲ್ಕು ತಾಸು ತಣ್ಣಗಾಗಲು ಬಿಟ್ಟು, ಒಂದೊಂದನ್ನೂ ಮೂರು ಸಲ ಅಳೆದೆ. ಅಷ್ಟೂ ಸರಿಯಾಗಿದ್ದವು. ಸರಿಯಾಗಿದ್ದದ್ದಕ್ಕೆ ನನಗೆ ಹೊಟ್ಟೆಯಲ್ಲಿ ಬೆಂಕಿ ಬಿದ್ದಂತಾಯಿತು. ಅವರೂ ಅಂಕಿ ಕೊಟ್ಟರೆ ತಾನೇ ಕೊರೆಯುವ ಒಂದು ಸಿಎನ್‌ಸಿ ಯಂತ್ರ ತಂದಿದ್ದರು, ಅದು ಚೆನ್ನಾಗಿ ಕೊರೆದಿತ್ತು. ಕೆಂಪು ಚೀಟಿ ಬರೆಯಲು ಎಷ್ಟು ಹೊತ್ತು ಬೇಕು? ಮಾಲು ತಿರಸ್ಕರಿಸಲಾಗಿದೆ ಅಂತ ಎರಡು ಶಬ್ದ, ಕೆಳಗೆ ನನ್ನ ಸಹಿ. ಈ ಕೋಣೆಯಲ್ಲಿ ನಾನು ಹೇಳಿದ್ದೇ ವೇದವಾಕ್ಯ. ಚೀಟಿ ತೆಗೆದು ತಾರೀಖು ಬರೆದೂ ಬಿಟ್ಟೆ. ಆಗ ಅವ್ವನ ಸೇರು ನೆನಪಾಯಿತು. ಇದನ್ನು ಬರೆದರೆ ಒಂಬತ್ತು ವರ್ಷದ ಹಿಂದೆ ಅವರು ರಿಜಿಸ್ಟರಿನಲ್ಲಿ ಬರೆದದ್ದು ಇವತ್ತು ನಿಜವಾಗುತ್ತದೆ, ನಾನು ಅಳತೆ ತಪ್ಪಿದವಳೇ ಆಗುತ್ತೇನೆ. ಚೀಟಿ ಹರಿದು ಬುಟ್ಟಿಗೆ ಹಾಕಿ ಹಸಿರು ಚೀಟಿ ಬರೆದೆ. ಹಲ್ಲು ಕಡಿದುಕೊಂಡು ಬರೆದೆ. ಎರಡನೆಯ ಲಾಟು ಬಂತು, ಹಸಿರು. ಮೂರನೆಯದೂ ಹಸಿರು. ಪ್ರತಿ ಸಲ ಅವರು ಗಾಜಿನಾಚೆಯಿಂದ ನಕ್ಕು ಕೈ ಮುಗಿದು ಹೋಗುತ್ತಿದ್ದರು. ಆ ನಗುವಿಗೆ ಎಷ್ಟು ಸಲ ಶಾಪ ಹಾಕಿದ್ದೇನೋ ಶಿವನಿಗೇ ಗೊತ್ತು.

ನಾಲ್ಕನೆಯ ಲಾಟು ಬಂದದ್ದು ದಸರೆಯ ನಂತರ. ಅವರೇ ಗಾಡಿಯ ಜೊತೆ ಬಂದರು, ಕೈಯಲ್ಲಿ ಬನ್ನಿ ಎಲೆ. “ಬನ್ನಿ ತಗೊಂಡು ಬಂಗಾರದ್ಹಂಗ ಇರೂಣ್ರಿ ಮೇಡಂ.” ಎಲೆಯನ್ನು ಮೇಜಿನ ಮೂಲೆಯಲ್ಲಿಟ್ಟು ತುಂಡುಗಳನ್ನು ಯಂತ್ರಕ್ಕೆ ಹಾಕಿದೆ. ಕೆಂಪು ಹರಳು ಮುಟ್ಟಿತು. ತೂತು ಸಣ್ಣದು. ಇನ್ನೊಂದು ಹಾಕಿದೆ, ಸಣ್ಣದು. ಹತ್ತರಲ್ಲಿ ಏಳು ಸಣ್ಣವು. ನನಗೆ ಕಾರಣ ಆಗಲೇ ಗೊತ್ತಾಗಿತ್ತು, ಆದರೂ ವಿಧಿಪ್ರಕಾರ ಅವರ ಗೇಜು ತರಿಸಿದೆ. ಭೂತಗನ್ನಡಿ ಹಿಡಿದು ನೋಡಿದರೆ ಗೋ ತುದಿಯ ತುಂಬ ಎಮರಿ ತಿಕ್ಕಿದ ಗೀರು. ತುದಿ ಹಿಡಿಗೆ ಕೂಡುವ ಸಂದಿಯಲ್ಲಿ ಒಣಗಿದ ಕುಂಕುಮ.

ಎಂಥ ಮನುಷ್ಯ! ಯಂತ್ರ ಹೊಸದು, ಕಂಪ್ಯೂಟರು ಹೊಸದು, ತಪ್ಪು ಮಾತ್ರ ಅದೇ ಹಳೆಯದು. ಯಂತ್ರ ಎಷ್ಟೇ ಚುರುಕಾಗಿರಲಿ, ಉಳಿ ಸವೆದಿದೆ ಅಂತ ಅದಕ್ಕೆ ಹೇಳಬೇಕಾದದ್ದು ಗೇಜು. ಆ ವರ್ಷ ನಿಷ್ಕಾಳಜಿ ಅಂತ ಬರೆದು ಮುಚ್ಚಿಬಿಟ್ಟಿದ್ದರಲ್ಲ, ಬರೆದದ್ದನ್ನು ತಾವೇ ನಂಬಿಬಿಟ್ಟಿದ್ದಾರೆ ಅಂದುಕೊಂಡೆ. ನಾನು ಒಂದು ಬೆರಳನ್ನೂ ಎತ್ತಬೇಕಾಗಿ ಬರಲಿಲ್ಲ, ಅವರ ಸುಳ್ಳೇ ಅವರನ್ನು ಕಟ್ಟಿ ನನ್ನ ಮೇಜಿಗೆ ತಂದು ಹಾಕಿತ್ತು. ಆವತ್ತು ಕ್ಯಾಂಟೀನಿನಲ್ಲಿ ನಾನು ಎರಡು ಮಿರ್ಚಿ ಭಜಿ ತಿಂದೆ. ಅಷ್ಟು ರುಚಿಯಾದ ಮಿರ್ಚಿ ಹುಬ್ಬಳ್ಳಿ ಧಾರವಾಡದಲ್ಲಿ ಮತ್ತೆಲ್ಲೂ ತಿಂದಿಲ್ಲ.

ನಮ್ಮ ಕಾರ್ಖಾನೆಯಲ್ಲಿ ಮಾಲು ತಿರಸ್ಕಾರವಾದರೆ ಕೊಟ್ಟವರು ಒಂದು ಫಾರಂ ತುಂಬಬೇಕು. ಅದರಲ್ಲಿ ಐದು ಮನೆ, ಐದಕ್ಕೂ ಒಂದೇ ಪ್ರಶ್ನೆ: ಯಾಕೆ? ಮೊದಲನೆಯದಕ್ಕೆ ಕೊಟ್ಟ ಉತ್ತರಕ್ಕೇ ಎರಡನೆಯ ಯಾಕೆ, ಅದರ ಉತ್ತರಕ್ಕೆ ಮೂರನೆಯದು. ಬೇರು ಸಿಗುವವರೆಗೆ ಅಗೆಯಬೇಕು. ಎರಡು ದಿನಕ್ಕೆ ಅವರು ಫಾರಂ ತಂದರು. ಅದೇ ಚೆಂದದ ಅಕ್ಷರ. ಮೊದಲ ಮನೆಯಲ್ಲಿ: ತಪಾಸಣೆ ಮಾಡಿದ ಹೆಣ್ಣುಮಗಳ ನಿಷ್ಕಾಳಜಿ. ಉಳಿದ ನಾಲ್ಕು ಮನೆಗೆ ಅಡ್ಡಗೆರೆ. ಪರಿಹಾರ: ಆಕೆಯನ್ನು ಕೆಲಸದಿಂದ ತೆಗೆಯಲಾಗಿದೆ.

ಓದಿದೆ. ಮತ್ತೆ ಓದಿದೆ. ಆವತ್ತು ತಿಂದ ಮಿರ್ಚಿಯ ರುಚಿ ಎಲ್ಲ ಇಳಿದುಹೋಯಿತು. “ಯಾರ್ರಿ ಈಕಿ?” ಅಂದೆ.

“ಹೆಣ್ಣಮಗಳೊಬ್ಬಾಕಿ ಇದ್ದಳ್ರಿ. ಎರಡು ಮಕ್ಕಳ ತಾಯಿ, ಮನಿ ಚಿಂತ್ಯಾಗ ಲಕ್ಷ್ಯ ಇರೂದಿಲ್ಲ.”

ನಾನು ಡ್ರಾವರು ಎಳೆದು ಹಳೆಯ ಗೇಜನ್ನು ಅವರ ಮುಂದೆ ಇಟ್ಟೆ. ಅವರು ಅದನ್ನು ಎತ್ತಿಕೊಂಡರು. ಹಿಡಿಯ ಮೇಲೆ ಹಳೆಯ ವರ್ಕ್‌ಶಾಪಿನ ನಂಬರು ಕೊರೆದಿತ್ತು. ಬೆರಳಿನಿಂದ ಅದನ್ನು ಮುಟ್ಟಿ ನೋಡಿದವರು ತಲೆ ಎತ್ತಲಿಲ್ಲ. ಅದರ ಅಳತೆಯ ಕಾಗದವನ್ನೂ ಪಕ್ಕದಲ್ಲಿಟ್ಟು, ಹೊಸ ಫಾರಂ ಕೊಟ್ಟೆ.

“ಕುಂಡ್ರರಿ. ಬರೀರಿ. ತೂತು ಸಣ್ಣದಾಗಿದ್ದು ಯಾಕ?”

ಉಳಿ ಸವೆದದ್ದು ಗೊತ್ತಾಗಲಿಲ್ಲ ಅಂತ ಬರೆದರು. ಯಾಕ? ಗೇಜು ತಡೆಯಲಿಲ್ಲ. ಯಾಕ? ಗೇಜು ಸವೆದಿತ್ತು. ಯಾಕ? ಅವರ ಪೆನ್ನು ನಿಂತಿತು. ಆಮೇಲೆ ಬರೆದರು: ಪೂಜೆಯ ಕಾಯಿನೀರು ಬಿದ್ದು ತುಕ್ಕು ಹಿಡಿಯಿತು, ತಿಕ್ಕಿದೆ.

“ಐದನೇದು. ತಿಕ್ಕಬಾರದು ಅಂತ ಗೊತ್ತಿದ್ದೂ ತಿಕ್ಕಿದ್ದು ಯಾಕ?”

“ಸಾಕಲ್ರಿ ಮೇಡಂ” ಅಂದರು. ನಾನು ಫಾರಂ ಅವರ ಕಡೆಗೆ ಇನ್ನಷ್ಟು ಸರಿಸಿದೆ. ಅವರು ಐದನೆಯ ಮನೆಯಲ್ಲಿ ಬರೆದರು: ಬೇಡ ಅಂದವಳ ಮಾತು ಕೇಳಲಿಲ್ಲ. ಯಾರ ಮಾತು ಅಂತ ನಾನು ಕೇಳಲಿಲ್ಲ.

“ಆವತ್ತು ನೀವು ಹೇಳಿದ್ದು ಖರೆ ಅಂತ ನನಗ ಆವತ್ತ ಗೊತ್ತಿತ್ತರಿ” ಅಂದರು, ಮೆಲ್ಲಗೆ. ಅದನ್ನು ಹೇಳಿದರೆ ನಾನು ಕರಗುತ್ತೇನೆ ಅಂದುಕೊಂಡಿರಬೇಕು. ಗೊತ್ತಿಲ್ಲದೆ ಮಾಡಿದ್ದರೆ ಒಂದು ಮಾತು. ಗೊತ್ತಿದ್ದೂ ಮಾಡಿದರು, ಗೊತ್ತಿದ್ದೂ ಮತ್ತೆ ಮಾಡಿದರು. ನನ್ನ ಸಿಟ್ಟು ಇಮ್ಮಡಿಯಾಯಿತು.

“ಪರಿಹಾರದ ಮನಿ ಖಾಲಿ ಐತಿ. ಆಕಿನ್ನ ವಾಪಸ್ ಕರೀರಿ. ಹೊಸಾ ಗೇಜ ಆಕಿನ ತಗೊಂಡ ಬರಬೇಕು, ನನ್ನ ಮುಂದ ಸಹಿ ಮಾಡಬೇಕು. ಅಲ್ಲೀತನಕಾ ನಿಮ್ಮ ಮಾಲು ಕೆಂಪು ಚೀಟಿ ಮ್ಯಾಲ ಇರತೈತಿ.”

ಹಾಗೆ ಕೇಳಲು ನನಗೆ ಅಧಿಕಾರ ಇತ್ತೋ ಇಲ್ಲವೋ, ನಿಯಮದ ಪುಸ್ತಕ ತೆರೆದು ನೋಡಲು ನಾನು ಹೋಗಲಿಲ್ಲ.

ಸೋಮವಾರ ಇಬ್ಬರೂ ಬಂದರು. ಹೆಣ್ಣುಮಗಳು ಗೇಜನ್ನು ಎಣ್ಣೆ ಬಟ್ಟೆಯಲ್ಲಿ ಸುತ್ತಿ ಎದೆಗೆ ಅವಚಿಕೊಂಡಿದ್ದಳು. ಇಬ್ಬರೂ ಚಪ್ಪಲಿ ಬಿಟ್ಟರು. ಅವಳನ್ನು ಒಳಗೆ ಕರೆದೆ. ಹಿಂದೆಯೇ ಕಾಲಿಡಲು ಬಂದ ಫೋರ್‌ಮನ್‌ಗೆ “ನೀವು ಅಲ್ಲೇ ನಿಂದರ್ರಿ, ಮಂದಿ ಹೆಚ್ಚಾದ್ರ ಕೋಣಿ ಬಿಸಿ ಆಗತೈತಿ” ಅಂದು ಗಾಜಿನ ಬಾಗಿಲು ಹಾಕಿದೆ.

“ಗೇಜ ತಿಕ್ಕಬ್ಯಾಡ್ರಿ ಅಂತ ನೀ ಹೇಳಿದ್ಯೇನವಾ?” ಅಂತ ಕೇಳಿದೆ.

“ಹೇಳಿದ್ನರಿ ಅಕ್ಕಾರ. ದೇವರ ಕೆಲಸದಾಗ ತಪ್ಪು ಹುಡಕಬ್ಯಾಡ ಅಂದ್ರರಿ.”

ನಾನು ಫಾರಂ ಅವಳ ಮುಂದೆ ಇಟ್ಟು, ಐದು ಮನೆಯನ್ನೂ ಓದಿ ಹೇಳಿ, ಪೆನ್ನು ಕೊಟ್ಟೆ. ಅವಳು ಐದನೆಯದನ್ನು ತಾನೇ ಇನ್ನೊಮ್ಮೆ ಓದಿಕೊಂಡು ಸಹಿ ಮಾಡಿದಳು. ಆಮೇಲೆ ಹೊಸ ಗೇಜನ್ನು ಕಪ್ಪು ಕಲ್ಲಿನ ಮೇಲಿಟ್ಟು, ಕೆಂಪು ಹರಳನ್ನು ಅದರ ಮೇಲೆ ಇಳಿಸುವುದು ಹೇಗೆ ಅಂತ ಅವಳ ಕೈಯಿಂದಲೇ ಮಾಡಿಸಿದೆ. ಗಾಜಿನಾಚೆ ಫೋರ್‌ಮನ್ ತಣ್ಣನೆಯ ನೆಲದ ಮೇಲೆ ಬರಿಗಾಲಲ್ಲಿ ನಿಂತಿದ್ದರು. ಗೇಜಿನ ಅಳತೆ ಮೊದಲ ಸಲಕ್ಕೇ ಸರಿ ಬಂತು. ನಾನು ಐದು ಸಲ ಅಳೆಸಿದೆ.